ಸಹಾಧ್ಯಯನದಲ್ಲಿ ಕೂಟವೂ ಅಂಕಿತವೂ

(ಶ್ರೀಮಠದ ಸುವರ್ಣಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ವಿಶ್ವವಿದ್ಯಾಲಯದ ಶಿಕ್ಷಣವನ್ನು ಕುರಿತು ಎರಡು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ದಯಪಾಲಿಸಿರುವರು. ಪಾಠಶಾಲೆಯ ಜಗುಲಿಯಲ್ಲಿ ಕುಳಿತು ಶಬ್ದರೂಪಗಳನ್ನು ಉರುಹೊಡೆದ ನನ್ನಂಥವನಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳತಕ್ಕದ್ದೇ ಸರಿ. ಆದರೆ ಒಂದು ಕಾರಣವುಂಟು. ಶ್ರೀಮಠದ ಭಕ್ತರ ಮಕ್ಕಳಲ್ಲಿ ಅನೇಕರು ಈಗ ಘಟ್ಟವನ್ನಿಳಿದು ಕರಾವಳಿಯ ಕಾಲೇಜುಗಳಿಗೆ ಹೋಗುತ್ತಿರುವರು. ಮೂಡಬಿದಿರೆ, ಬೆಳ್ತಂಗಡಿ ತಾಲ್ಲೂಕಿನ ಉಜಿರೆ, ನೇತ್ರಾವತೀ ತೀರದ ಬಂಟ್ವಾಳ, ಈ ಊರುಗಳ ಹೆಸರುಗಳು ನಮ್ಮ ರೈತರ ಮನೆಗಳಲ್ಲಿ ಇಂದು ನೆರೆಯೂರಿನ ಹೆಸರುಗಳಂತೆ ಬಳಕೆಯಾಗಿರುವವು. ರಜೆಯಲ್ಲಿ ಈ ಮಕ್ಕಳು ಮಠಕ್ಕೆ ಬಂದು ನಮಸ್ಕರಿಸಿದಾಗ, "ಏನು ಓದಿದಿರಪ್ಪಾ?" ಎಂದು ಕೇಳಿದರೆ, "ಗ್ರೂಪ್ ಪ್ರಾಜೆಕ್ಟ್ ಮಾಡಿದೆವು, ನಾಲ್ವರು ಕೂಡಿ ಸೆಮಿನಾರ್ ಕೊಟ್ಟೆವು" ಎಂದು ಹೇಳುವರು. ಈ "ನಾಲ್ವರು ಕೂಡಿ" ಎಂಬ ಮಾತಿನಲ್ಲಿ ಏನು ಅಡಗಿರುವದೆಂಬುದನ್ನು ವಿಚಾರಿಸುವದೇ ನನ್ನ ಇಂದಿನ ಉದ್ದೇಶವು.

ವಿದ್ಯೆಯು ನಾಲ್ಕು ಪಾದಗಳಿಂದ ಪೂರ್ಣವಾಗುವದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಒಂದು ಪಾದವು ಗುರುವಿನಿಂದ, ಒಂದು ತನ್ನ ಬುದ್ಧಿಯಿಂದ, ಒಂದು ಸಹಪಾಠಿಗಳಿಂದ, ಕಡೆಯದು ಕಾಲಕ್ರಮದಿಂದ ಲಭಿಸುವದು. ಇಲ್ಲಿ ತಾವು ಗಮನಿಸಬೇಕಾದದ್ದೇನೆಂದರೆ, ಗುರುವಿಗೆ ಎಷ್ಟು ಪಾಲೋ ಸಹಪಾಠಿಗೂ ಅಷ್ಟೇ ಪಾಲು. ಪಾಠಶಾಲೆಯಲ್ಲಿ ಇದು ಬರಿಯ ಮಾತಾಗಿರಲಿಲ್ಲ. ಬೆಳಗ್ಗೆ ಗುರುಗಳು ಪಾಠ ಹೇಳುವರು. ಸಾಯಂಕಾಲ ನಾವು ನಾವೇ ಕುಳಿತು ಚಿಂತನೆ ಮಾಡುವೆವು. ಒಬ್ಬನು ಸೂತ್ರವನ್ನು ಹೇಳಿದರೆ, ಎರಡನೆಯವನು ಅರ್ಥವನ್ನು, ಮೂರನೆಯವನು ಉದಾಹರಣವನ್ನು ಹೇಳಬೇಕು. ಮರುದಿನ ಸರದಿಯು ಬದಲಾಗುವದು. ನಡುವೆ ಒಬ್ಬನು ತಡವರಿಸಿದರೆ ಸಾಲೆಲ್ಲವೂ ಅಲ್ಲಿಯೇ ನಿಲ್ಲುವದು. ಅವನಿಗೆ ಅರ್ಥವಾಗುವವರೆಗೆ ಯಾರಿಗೂ ಎದ್ದು ಹೋಗಲು ಬರುತ್ತಿರಲಿಲ್ಲ.

ಈ ಪದ್ಧತಿಯು ಕನ್ನಡನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಪರದೇಶದವನೊಬ್ಬನ ಸಾಕ್ಷ್ಯವಿರುವದು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಾಪುರದ ಪ್ರವಾಸಿಯು 1623ರಲ್ಲಿ, ಇಕ್ಕೇರಿಯ ದೊರೆ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ತುಗೀಜರ ರಾಯಭಾರದ ಜೊತೆಯಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನು ಹತ್ತಿದನು. ದಾರಿಯಲ್ಲಿ ಒಂದು ದೇವಾಲಯದ ಜಗುಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿರುವದನ್ನು ಕಂಡು ಬೆರಗಾಗಿ ತನ್ನ ಪತ್ರದಲ್ಲಿ ವಿವರವಾಗಿ ಬರೆದಿರುವನು. ಒಬ್ಬ ಹುಡುಗನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕೆಯನ್ನು ಬರೆಯುವನು. ಉಳಿದ ಮೂವರೂ ಅದನ್ನೇ ಹಾಡಿ, ಅದನ್ನೇ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸ ಮರಳನ್ನು ಹರಡುವರು. ಗುರುವು ಹತ್ತಿರವಿಲ್ಲದಿರಲು, ತಪ್ಪಿದರೆ ತಿದ್ದುವವರು ಯಾರೆಂದು ಪ್ರವಾಸಿಯು ಕೇಳಿದನು. ನಾಲ್ವರಿಗೂ ಒಂದೇ ಕಡೆಯಲ್ಲಿ ಮರೆವು ಬರಲಾರದು, ಒಬ್ಬನು ತಪ್ಪಿದರೆ ಉಳಿದವರು ತಿದ್ದುವರು, ಅದಕ್ಕಾಗಿಯೇ ತಾವು ಕೂಡಿ ಕುಳಿತಿರುವೆವೆಂದು ಹುಡುಗರು ಉತ್ತರ ಕೊಟ್ಟರು. ಇದು ಸುಲಭವಾದ, ನಂಬತಕ್ಕ ಕಲಿಕೆಯ ಮಾರ್ಗವೆಂದು ಅವನು ಮೆಚ್ಚಿ ಬರೆದನು. ಇದೇ ಪ್ರವಾಸಿಯು ಅದೇ ವರ್ಷ ಮಂಗಳೂರಿಗೂ ಬಂದು, ಚೌಟವಂಶದ ಉಳ್ಳಾಲದ ರಾಣಿಯನ್ನು ಕಂಡನು. ಆ ಚೌಟರ ಅರಮನೆಯು ಮೂಡಬಿದಿರೆಯಲ್ಲಿ ಇಂದಿಗೂ ಇರುವದು.

ಬಂಧುಗಳೇ, ಈ ವೃತ್ತಾಂತದಲ್ಲಿ ಎರಡು ಸಂಗತಿಗಳನ್ನು ತಾವು ನೆನಪಿನಲ್ಲಿಡಬೇಕು. ಮೊದಲನೆಯದು, ನಾಲ್ವರೂ ಕೂಡಿ ಕುಳಿತಿದ್ದರು. ಎರಡನೆಯದು, ನಾಲ್ವರೂ ಬರೆದರು. ಒಬ್ಬನು ಬರೆದು ಮೂವರು ನೋಡುತ್ತ ಕುಳಿತಿರಲಿಲ್ಲ. ಒಬ್ಬೊಬ್ಬನ ಬೆರಳಿನ ಗುರುತೂ ಮರಳಿನ ಮೇಲೆ ಬೇರೆ ಬೇರೆಯಾಗಿ ಮೂಡಿತ್ತು.

ನಮ್ಮ ದೇಶದ ಈ ಪದ್ಧತಿಯೇ ಮುಂದೆ ಸಮುದ್ರವನ್ನು ದಾಟಿ ಹೋಯಿತು. ಮದರಾಸಿನ ಎಗ್ಮೋರಿನಲ್ಲಿ ಅನಾಥಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಬಲ್ಲ ಬಾಲಕನಿಂದ ಬಾರದ ಬಾಲಕನಿಗೆ ಹೇಳಿಸುವ ಕ್ರಮವನ್ನು ಅಲ್ಲಿ ನಡೆಯಿಸಿದನು. 1797ರಲ್ಲಿ ಅವನು ಅದನ್ನು ಲಂಡನ್ನಿನಲ್ಲಿ ಪ್ರಕಟಿಸಲು, "ಮದರಾಸ ಪದ್ಧತಿ" ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ದಕ್ಷಿಣಕನ್ನಡವು 1799ರಲ್ಲಿ ಟೀಪುವಿನ ಪತನಾನಂತರ ಕುಂಪಣಿಯ ವಶವಾಗಿ, 1956ರವರೆಗೆ ಅದೇ ಮದರಾಸಿನ ಆಡಳಿತದೊಳಗೆ ಇದ್ದಿತೆಂಬುದು ತಮಗೆ ತಿಳಿದದ್ದೇ. ಆದ್ದರಿಂದ ಗುಂಪಿನಲ್ಲಿ ಕಲಿಯುವದೆಂಬುದು ಹೊರಗಿನಿಂದ ಬಂದ ಹೊಸ ನವೀನವೆಂದು ಯಾರೂ ಹಳಿಯಬೇಕಾಗಿಲ್ಲ.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ಆ ಮೂರು ಊರುಗಳ ಪದವಿ ಕಾಲೇಜುಗಳು 1980ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಗೂ, ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೂ ಸೇರಿರುವವು. ಕಾಲೇಜುಗಳ ಗುಣವನ್ನು ಅಳೆಯುವದಕ್ಕಾಗಿ 1994ರಲ್ಲಿ ಸ್ಥಾಪಿತವಾದ ನ್ಯಾಕ್ ಎಂಬ ಮಂಡಳಿಯು, ವಿದ್ಯಾರ್ಥಿಗಳು ತಾವೇ ಪಾಲುಗೊಂಡು ಕಲಿಯುವ ಕ್ರಮಗಳು ಕಾಲೇಜಿನಲ್ಲಿ ಇರುವವೋ ಇಲ್ಲವೋ ಎಂದು ವಿಚಾರಿಸುವದು. ಪಠ್ಯಕ್ರಮಗಳು ಬದಲಾಗುತ್ತಿರುವವು, 2021ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯು ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಆದರೆ ಗುಂಪಿನ ಕೆಲಸವು ಮಾತ್ರ ಎಲ್ಲ ಕ್ರಮಗಳಲ್ಲಿಯೂ ಉಳಿದುಕೊಂಡಿರುವದು. ಇದು ಒಳ್ಳೆಯದೇ. ಕೇಡು ಇರುವದು ಕೂಟದಲ್ಲಲ್ಲ. ಕೂಟದ ಮರೆಯಲ್ಲಿ ಒಬ್ಬೊಬ್ಬನು ಕಾಣೆಯಾಗುವದರಲ್ಲಿ.

ಜಾತ್ರೆಯಲ್ಲಿ ತೇರಿನ ಹಗ್ಗವನ್ನು ಹಿಡಿದವರೆಲ್ಲರೂ ಎಳೆಯುವರೆಂದು ಹೇಳಬರುವದಿಲ್ಲವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಮುಟ್ಟಿದ ಪುಣ್ಯಕ್ಕೆ ಹಿಡಿದವರೂ ಇರುವರು. ರಿಂಗಲ್‌ಮಾನ್ ಎಂಬ ಫ್ರಾನ್ಸ್ ದೇಶದ ಕೃಷಿತಜ್ಞನು ಇದನ್ನೇ ಅಳೆದು ನೋಡಿ 1913ರಲ್ಲಿ ಪ್ರಕಟಿಸಿದನು. ಒಂಟಿಯಾಗಿ ಹಗ್ಗವನ್ನೆಳೆಯುವಾಗ ಮನುಷ್ಯನು ಹಾಕುವ ಬಲವು, ಜೊತೆಗಾರರು ಹೆಚ್ಚಿದಂತೆಲ್ಲ ಕಡಿಮೆಯಾಗುತ್ತ ಹೋಗಿ, ಎಂಟು ಮಂದಿಯಾಗುವಷ್ಟರಲ್ಲಿ ಒಬ್ಬೊಬ್ಬನ ಪಾಲು ಸುಮಾರು ಅರ್ಧಕ್ಕೆ ಇಳಿಯಿತು. ತೇರು ಹೇಗೂ ಮುಂದಕ್ಕೆ ಸಾಗುವದು, ಅದರಲ್ಲಿ ದೋಷವಿಲ್ಲ. ಆದರೆ ವಿದ್ಯೆಯು ತೇರಲ್ಲ. ತೇರು ಮುಂದಕ್ಕೆ ಹೋದರೆ ಎಲ್ಲರಿಗೂ ದರ್ಶನವಾಯಿತು. ಗುಂಪಿನ ವರದಿಯು ಮುಂದಕ್ಕೆ ಹೋದರೆ ಎಲ್ಲರಿಗೂ ಜ್ಞಾನವಾಗಲಿಲ್ಲ.

ನಮ್ಮ ಪ್ರಸಾದನಿಲಯದಲ್ಲಿ ಬೆಳೆದ ಒಬ್ಬ ರೈತನ ಮಗನು ಆ ಭಾಗದ ಒಂದು ಕಾಲೇಜನ್ನು ಸೇರಿದನು. ಕನ್ನಡ ಮಾಧ್ಯಮದಲ್ಲಿ ಓದಿದವನು, ಮಾತು ಕಡಿಮೆ. ಮೊದಲನೆಯ ವರ್ಷ ನಾಲ್ವರ ಗುಂಪಿನಲ್ಲಿ ಇವನನ್ನು ಸೇರಿಸಿದರು. ಉಳಿದ ಮೂವರೂ ಇಂಗ್ಲಿಷಿನಲ್ಲಿ ಬಲ್ಲಿದರು. ಒಬ್ಬನು ಎಲ್ಲವನ್ನೂ ಬರೆದನು. ಇವನ ಪಾಲಿಗೆ ಬಂದದ್ದು ಕಾಗದಗಳನ್ನು ಕೊಂಡೊಯ್ದು ಬೈಂಡಿಂಗ್ ಮಾಡಿಸಿ ತರುವ ಕೆಲಸ. ನಾಲ್ವರಿಗೂ ಸಮನಾದ ಅಂಕಗಳು ಬಂದವು. ದಸರೆಯ ರಜೆಯಲ್ಲಿ ಬಂದಾಗ ಆ ವರದಿಯ ವಿಷಯವೇನೆಂದು ಕೇಳಿದೆನು. ತಲೆಬರಹವನ್ನು ಮಾತ್ರ ಹೇಳಿ ಸುಮ್ಮನಾದನು. ಅವನ ತಂದೆಯು ಪಕ್ಕದಲ್ಲಿಯೇ ನಿಂತಿದ್ದನು. ಮಗನಿಗೆ ಒಳ್ಳೆಯ ಅಂಕಗಳು ಬಂದಿರುವದಕ್ಕೆ ಅವನ ಮುಖವು ಅರಳಿತ್ತು. ಅಂಕಪಟ್ಟಿಯಲ್ಲಿ ಯಾವ ಸುಳ್ಳೂ ಕಾಣುತ್ತಿರಲಿಲ್ಲ. ಆದರೆ ಆ ಹುಡುಗನಿಗೆ ಸಲ್ಲಬೇಕಾದ ವಿದ್ಯೆಯು ಸಂದಿರಲಿಲ್ಲ. ಎಲ್ಲವನ್ನೂ ಬರೆದ ಆ ಜಾಣನಿಗೂ ನಷ್ಟವೇ ಆಯಿತು. ಇನ್ನೊಬ್ಬರಿಗೆ ತಿಳಿಯುವಂತೆ ಹೇಳಿಕೊಡುವದರಿಂದ ಬರುವ ಸ್ಪಷ್ಟತೆಯು ಅವನಿಗೆ ದೊರೆಯಲಿಲ್ಲ.

ಎರಡನೆಯ ವರ್ಷ ಅದೇ ಹುಡುಗನು ಬೇರೊಬ್ಬ ಅಧ್ಯಾಪಕರ ಕೈಗೆ ಬಂದನು. ಅವರು ಗುಂಪನ್ನು ಕಟ್ಟಿದ ದಿನವೇ ಒಂದು ನಿಯಮವನ್ನು ಹೇಳಿದರಂತೆ: "ಕಡೆಯ ದಿನ ಚೀಟಿಯೆತ್ತಿ ಒಬ್ಬನನ್ನು ಕರೆಯುವೆನು. ವರದಿಯ ಯಾವ ಭಾಗವನ್ನಾದರೂ ಕೇಳುವೆನು. ಅವನು ಹೇಳಿದ್ದೇ ನಾಲ್ವರ ಉತ್ತರ." ಬೆಳ್ತಂಗಡಿ ಸೀಮೆಯ ಅಡಕೆ ಬೆಳೆಗಾರರ ಖರ್ಚುವೆಚ್ಚಗಳನ್ನು ಕೇಳಿ ಬರೆಯುವದು ಅವರ ವಿಷಯವಾಗಿತ್ತು. ಆಗ ನೋಡಿರಿ, ಗುಂಪಿನ ಸ್ವರೂಪವೇ ಬದಲಾಯಿತು. ಒಬ್ಬನಿಗೆ ತುಳು ಬರುತ್ತಿತ್ತು; ಅವನಿಲ್ಲದೆ ತೋಟದ ಮನೆಗಳಲ್ಲಿ ಮಾತು ಬೆಳೆಯದು. ಒಬ್ಬನು ಲೆಕ್ಕದಲ್ಲಿ ಗಟ್ಟಿಗ, ಒಬ್ಬನು ಇಂಗ್ಲಿಷಿನಲ್ಲಿ. ನಮ್ಮ ಹುಡುಗನಿಗೆ ಗೊತ್ತಿದ್ದದ್ದು ಬೇಸಾಯ. ರೈತನು ಮನೆಮಂದಿಯ ದುಡಿಮೆಯನ್ನು ಕೂಲಿಯ ಲೆಕ್ಕಕ್ಕೆ ಹಿಡಿಯುವದೇ ಇಲ್ಲವೆಂಬುದು, ಬೆಳೆಯ ಮೇಲೆ ತಂದ ಸಾಲದ ಬಡ್ಡಿಯನ್ನು ಬೇರೆ ಲೆಕ್ಕದಲ್ಲಿ ಬರೆಯುವನೆಂಬುದು ಅವನಿಗೆ ತಂದೆಯ ಮನೆಯಲ್ಲಿಯೇ ತಿಳಿದಿತ್ತು. ಅವನು ಹೇಳಿಕೊಟ್ಟ ಪ್ರಶ್ನೆಗಳಿಂದಲೇ ಆ ವರದಿಗೆ ತಿರುಳು ಬಂದಿತು. ಪ್ರತಿಯಾಗಿ ಉಳಿದವರು ರಾತ್ರಿ ಹಾಸ್ಟೆಲಿನಲ್ಲಿ ಕುಳಿತು, ಅದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆಯನ್ನು ಅವನಿಗೆ ಕಲಿಸಿದರು. ಚೀಟಿಯು ಅವನ ಹೆಸರಿಗೆ ಬರಲಿಲ್ಲ, ತುಳು ಬಲ್ಲವನಿಗೆ ಬಂದಿತು. ಆದರೂ ಆ ಬೇಸಗೆಯಲ್ಲಿ ಬಂದಾಗ ನಾನು ಕೇಳುವ ಮೊದಲೇ ಅವನು ಅರ್ಧ ಗಳಿಗೆ ಎಡೆಬಿಡದೆ ಹೇಳಿದನು.

ಹುಡುಗನು ಅವನೇ, ಗುಂಪಿನ ಗಾತ್ರವೂ ಅಷ್ಟೇ. ಭೇದವಾದದ್ದು ಒಂದೇ ನಿಯಮದಿಂದ.

ಇಂಥ ನಿಯಮಕ್ಕೆ ಮಾದರಿಗಳು ಆ ನಾಡಿನಲ್ಲಿಯೇ ಹೇರಳವಾಗಿರುವವು. ಮಳೆಗಾಲದಲ್ಲಿ ಆ ಸೀಮೆಯ ಊರೂರುಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುವವು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯವನ್ನು ಹಾಡುವರು, ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪದ್ಯಕ್ಕೆ ತಮ್ಮ ಬುದ್ಧಿಯಿಂದಲೇ ಮಾತನ್ನು ಕಟ್ಟುವರು. ಬರೆದ ಸಂಭಾಷಣೆಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮಹಾ ಅರ್ಥಧಾರಿಗಳು ಈ ಕಲೆಯಲ್ಲಿಯೇ ಕೀರ್ತಿಶಾಲಿಗಳಾದರು. ಇಲ್ಲಿಯ ಮರ್ಮವೇನೆಂದರೆ, ಎದುರಿನವನು ಸೊರಗಿದರೆ ಸಮರ್ಥನ ಮಾತೂ ಏರುವದಿಲ್ಲ. ಕರ್ಣನು ಬಾಯಿಕಟ್ಟಿ ಕುಳಿತರೆ ಕೃಷ್ಣನ ಚಾತುರ್ಯಕ್ಕೆ ಎಡೆಯೆಲ್ಲಿ? ಆದ್ದರಿಂದ ಹಿರಿಯ ಅರ್ಥಧಾರಿಯು ಕಿರಿಯನಿಗೆ ಪ್ರಶ್ನೆಯ ರೂಪದಲ್ಲಿ ದಾರಿಯನ್ನು ತೆರೆದುಕೊಡುವನು. ಆದರೆ ಅವನ ಪಾತ್ರದ ಮಾತನ್ನು ತಾನು ಆಡುವದಿಲ್ಲ, ಆಡಲೂ ಬಾರದು. ಸಹಪಾಠಿಗೆ ಮಾಡಬೇಕಾದ ಉಪಕಾರದ ಅಳತೆಯು ಇದೇ.

ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಆರಂಭವಾದ ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಪ್ರಗತಿಬಂಧು ತಂಡಗಳೆಂದು ಕರೆಯಲ್ಪಡುವ ಸಣ್ಣ ರೈತರ ಕೂಟಗಳು ಏರ್ಪಟ್ಟವು. ಕೆಲವೇ ಮಂದಿಯ ತಂಡ; ವಾರಕ್ಕೊಂದು ದಿನ ಸರದಿಯ ಮೇಲೆ ಒಬ್ಬೊಬ್ಬನ ಭೂಮಿಯಲ್ಲಿ ಎಲ್ಲರೂ ದುಡಿಯುವದು. ನಮ್ಮ ಕಡೆಯ ಮುಯ್ಯಾಳಿನ ಪದ್ಧತಿಯೂ ಇದೇ. ಇಲ್ಲಿ ಸೋಮಾರಿಗೆ ಮರೆಯಿಲ್ಲ. ಏಕೆಂದರೆ ಇಂದು ಅವನ ಹೊಲ, ನಾಳೆ ನನ್ನ ಹೊಲ. ಯಾರು ಎಷ್ಟು ಗುದ್ದಲಿ ಹಾಕಿದರೆಂಬುದು ಕಣ್ಣೆದುರಿಗೇ ಇರುವದು. ತಂಡವು ಚಿಕ್ಕದಾಗಿರುವದೂ, ಸರದಿಯಿರುವದೂ, ಪ್ರತಿಯೊಬ್ಬನಿಗೂ ಫಲವು ಬೇರೆಯಾಗಿ ಸೇರುವದೂ, ಈ ಮೂರೂ ಕೂಡಿ ಅದನ್ನು ಕಾಪಾಡುವವು.

ಇನ್ನು ಪಾಂಡಿತ್ಯದ ಕೂಟಕ್ಕೆ ಮೂಡಬಿದಿರೆಯಲ್ಲಿಯೇ ಉಜ್ಜ್ವಲವಾದ ಉದಾಹರಣವಿರುವದು. ಜೈನಾಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿಯ ಬಸದಿಯೊಳಗೆ ಮಾತ್ರ ಉಳಿದಿದ್ದಿತು. ಅದನ್ನು ಪ್ರತಿಮಾಡುವ ಕಾರ್ಯವು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಆರಂಭವಾಗಿ ಅನೇಕ ವರ್ಷಗಳವರೆಗೆ ನಡೆಯಿತು. 1939ರಿಂದ ಹೀರಾಲಾಲ ಜೈನರು ಅದನ್ನು ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿದರು; ನಮ್ಮ ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಆ. ನೇ. ಉಪಾಧ್ಯೆಯವರು ಅದರಲ್ಲಿ ಸಹಸಂಪಾದಕರಾದರು. ಹದಿನಾರು ಸಂಪುಟಗಳ ಆ ಕಾರ್ಯವು ಒಬ್ಬರಿಂದ ಆಗತಕ್ಕದ್ದಾಗಿರಲಿಲ್ಲ. ಲಿಪಿಯನ್ನು ಬಲ್ಲವರು, ಪ್ರಾಕೃತವನ್ನು ಬಲ್ಲವರು, ಸಿದ್ಧಾಂತವನ್ನು ಬಲ್ಲವರು ಬೇರೆ ಬೇರೆ. ಒಬ್ಬರು ಓದಿದ ಪಾಠವನ್ನು ಇನ್ನೊಬ್ಬರು ಪರೀಕ್ಷಿಸಿದರು. ಅಂಥ ಕೆಲಸದಲ್ಲಿ ಒಬ್ಬನ ಅಜಾಗರೂಕತೆಯು ಎಲ್ಲರ ಗ್ರಂಥಕ್ಕೂ ಕಳಂಕವಾಗುವದು.

ಶರಣಬಂಧುಗಳೇ, ಈ ಮಾತು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪದಲ್ಲಿ ನೂರಾರು ಶರಣರು ಕೂಡಿದರೆಂದು ನಂಬಿ ಬಂದಿರುವೆವು. ಅಂಬಿಗನೂ ಇದ್ದನು, ಹಗ್ಗ ಹೊಸೆಯುವವನೂ ಇದ್ದನು; ಅಕ್ಕನನ್ನೂ ಸಿದ್ಧರಾಮರನ್ನೂ ಪ್ರಶ್ನಿಸಿಯೇ ಒಳಗೆ ಬರಮಾಡಿಕೊಂಡರೆಂದು ಶೂನ್ಯಸಂಪಾದನೆಯು ತೋರಿಸುವದು. ಕೂಟವು ಅಷ್ಟು ದೊಡ್ಡದಾಗಿದ್ದರೂ ಒಬ್ಬರ ವಚನವು ಇನ್ನೊಬ್ಬರ ವಚನದಲ್ಲಿ ಕಲಸಿಹೋಗಲಿಲ್ಲ. ಏಕೆ? ಪ್ರತಿಯೊಂದು ವಚನದ ಕಡೆಯಲ್ಲಿಯೂ ಅಂಕಿತವಿರುವದು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಪ್ರಭುದೇವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಆಡಿದ ಮಾತಿಗೆ ಆಡಿದವನೇ ಹೊಣೆ ಎಂಬುದೇ ಅಂಕಿತದ ಅರ್ಥ. ಕೂಟವಿಲ್ಲದ ಅಂಕಿತವು ಅಹಂಕಾರವಾಗುವದು. ಅಂಕಿತವಿಲ್ಲದ ಕೂಟವು ಗದ್ದಲವಾಗುವದು. ವಿಶ್ವವಿದ್ಯಾಲಯದ ಗುಂಪುಗಳಿಗೆ ನಾವು ಹೇಳಬೇಕಾದದ್ದು ಇಷ್ಟೇ: ಕೂಡಿ ಕಲಿಯಿರಿ, ಆದರೆ ಅಂಕಿತವನ್ನು ಬಿಡಬೇಡಿರಿ.

ಪಾಶ್ಚಾತ್ಯರೂ ಅನುಭವದಿಂದ ಈ ತತ್ತ್ವಕ್ಕೇ ಬಂದಿರುವರು. ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಆಚಾರ್ಯ ಎರಿಕ್ ಮಜೂರ್ ಎಂಬವರು 1991ರಿಂದ ಒಂದು ಕ್ರಮವನ್ನು ನಡೆಯಿಸಿದರು. ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಕೊಡುವರು. ಮೊದಲು ಪ್ರತಿಯೊಬ್ಬನೂ ಯಾರನ್ನೂ ಕೇಳದೆ ತನ್ನ ಉತ್ತರವನ್ನು ಕೊಡಬೇಕು. ಆಮೇಲೆ ನೆರೆಯವನೊಡನೆ ವಾದಿಸಿ ಅವನನ್ನು ಒಪ್ಪಿಸಲು ಯತ್ನಿಸಬೇಕು. ಅನಂತರ ಮತ್ತೊಮ್ಮೆ ಒಬ್ಬೊಬ್ಬನೇ ಉತ್ತರ ಕೊಡಬೇಕು. ಮೊದಲೂ ಕಡೆಯೂ ಅಂಕಿತ, ನಡುವೆ ಕೂಟ. ಟೆಕ್ಸಾಸಿನಲ್ಲಿ ಎಲಿಯಟ್ ಅರನ್ಸನ್ ಎಂಬವರು 1971ರಲ್ಲಿ, ಬಿಳಿಯರ ಮತ್ತು ಕರಿಯರ ಮಕ್ಕಳು ಒಂದೇ ಶಾಲೆಯಲ್ಲಿ ಕುಳಿತು ಒಬ್ಬರನ್ನೊಬ್ಬರು ಸೇರದೆ ಇದ್ದಾಗ, ಪಾಠವನ್ನು ತುಂಡುತುಂಡಾಗಿ ಮಾಡಿ ಒಬ್ಬೊಬ್ಬನಿಗೆ ಒಂದೊಂದು ತುಂಡನ್ನು ಕೊಟ್ಟರು. ಯಾವ ಮಗುವನ್ನು ಕಡೆಗಣಿಸಿದರೂ ಪಾಠವು ಅಪೂರ್ಣವಾಗುವದರಿಂದ, ಕೀಳೆಂದು ಕಂಡವನ ಮಾತನ್ನೂ ಕಿವಿಗೊಟ್ಟು ಕೇಳಬೇಕಾಯಿತು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡಗಳನ್ನಾಡುವ ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡುವ ಬಂಟ್ವಾಳದ ಸೀಮೆಗೆ ಈ ಕ್ರಮವು ಎಷ್ಟು ಹಿತವೆಂಬುದನ್ನು ನಾನು ಹೇಳಬೇಕಾಗಿಲ್ಲ. ಗುಂಪು ಕಟ್ಟುವ ಕೆಲಸವನ್ನು ಮಕ್ಕಳಿಗೇ ಬಿಟ್ಟರೆ ಮಾತು ಒಂದಾದವರು, ಜಾತಿ ಒಂದಾದವರು, ಊರು ಒಂದಾದವರು ಸೇರಿಬಿಡುವರು. ಅಧ್ಯಾಪಕನೇ ಕಟ್ಟಬೇಕು.

ಇದರ ಮೇಲೆ ಒಂದು ಆಕ್ಷೇಪವುಂಟು. ಒಂದು ತರಗತಿಯಲ್ಲಿ ಅರವತ್ತು ಮಂದಿ ಇರಲು, ಒಬ್ಬೊಬ್ಬನನ್ನೂ ಪರೀಕ್ಷಿಸಲು ಅಧ್ಯಾಪಕನಿಗೆ ವೇಳೆಯೆಲ್ಲಿ ಎಂದು ಕೇಳುವರು. ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಚೀಟಿಯನ್ನೆತ್ತಲು ಎಷ್ಟು ವೇಳೆ ಬೇಕು? ವರದಿಯ ಕಡೆಯಲ್ಲಿ ಯಾರು ಯಾವ ಭಾಗವನ್ನು ಮಾಡಿದರೆಂದು ಒಬ್ಬೊಬ್ಬನೂ ತನ್ನ ಕೈಯಿಂದ ಬರೆದು ಸಹಿ ಹಾಕುವದಕ್ಕೆ ಎಷ್ಟು ವೇಳೆ ಬೇಕು? ವರದಿಯನ್ನು ಬರೆದುಕೊಡುವ ಯಂತ್ರಗಳೂ ಬಂದಿರುವ ಈ ಕಾಲದಲ್ಲಿ, ಎದುರಿಗೆ ನಿಲ್ಲಿಸಿ ಎರಡು ಪ್ರಶ್ನೆಗಳನ್ನು ಕೇಳುವದಕ್ಕಿಂತ ಮಿಗಿಲಾದ ಪರೀಕ್ಷೆಯಿಲ್ಲ.

ಕಡೆಯದಾಗಿ ಮೂರು ವಿನಂತಿಗಳನ್ನು ಮಾಡಿ ಮುಗಿಸುವೆನು. ತಂದೆತಾಯಿಗಳಲ್ಲಿ ನನ್ನ ಬಿನ್ನಹವೇನಂದರೆ, ಮಗನಾಗಲಿ ಮಗಳಾಗಲಿ ಮನೆಗೆ ಬಂದಾಗ ಅಂಕಗಳೆಷ್ಟೆಂದು ಕೇಳಿದ ಮೇಲೆ, "ನಿನ್ನ ಪಾಲಿನ ಕೆಲಸವೇನು? ನನಗೆ ತಿಳಿಯುವಂತೆ ಹೇಳು" ಎಂದು ಇನ್ನೊಂದು ಮಾತನ್ನು ಕೇಳಿರಿ. ಅಕ್ಷರ ಬಾರದ ತಾಯಿಯೂ ಈ ಪರೀಕ್ಷೆಯನ್ನು ಮಾಡಬಲ್ಲಳು. ವಿದ್ಯಾರ್ಥಿಗಳಲ್ಲಿ ಜಾಣರಾದವರಿಗೆ ಹೇಳುವದೇನೆಂದರೆ, ಜೊತೆಗಾರನ ಕೆಲಸವನ್ನು ನೀವೇ ಮಾಡಿಬಿಡುವದು ದಾನವಲ್ಲ. ಅವನ ವಿದ್ಯೆಯನ್ನು ಕಸಿದುಕೊಂಡಂತೆ. ಸಂಕೋಚದಿಂದ ಹಿಂದೆ ಕುಳಿತವರಿಗೆ ಹೇಳುವದೇನೆಂದರೆ, ನಿಮ್ಮ ಮನೆಯ ಹೊಲ, ಮಗ್ಗ, ಅಂಗಡಿಗಳಲ್ಲಿ ಕಲಿತ ತಿಳಿವು ಆ ಗುಂಪಿನಲ್ಲಿ ಬೇರೆ ಯಾರಲ್ಲಿಯೂ ಇರದು. ಅದನ್ನು ಮುಂದಿಡಲು ನಾಚಬೇಡಿರಿ. ಮತ್ತು ಶ್ರೀಮಠದ ಪ್ರಸಾದನಿಲಯದಲ್ಲಿ ಸಾಯಂಕಾಲದ ಪ್ರಾರ್ಥನೆಯ ಅನಂತರ ಅರ್ಧ ಗಂಟೆಯ ಪಾಠಚಿಂತನೆಯು ಹಿಂದಿನಂತೆ ನಡೆಯಲಿ, ಅದರಲ್ಲಿ ಸರದಿಯು ತಪ್ಪದಿರಲಿ, ತಡವರಿಸಿದವನಿಗಾಗಿ ಸಾಲು ಕಾಯಲಿ ಎಂದು ಶ್ರೀಗಳವರ ಸನ್ನಿಧಿಯಲ್ಲಿ ಪ್ರಾರ್ಥಿಸುವೆನು.